ಕಪ್ಪು ತಂತಿಯನ್ನು ಕೇಳದೆ ಮುಟ್ಟಿದ ಬಗ್ಗೆ ಹಿರುಮಾ ತೋಕುಜಿಯ ಹೇಳಿಕೆ

ಹೆಸರು: ಹಿರುಮಾ ತೋಕುಜಿ
ವಯಸ್ಸು: 69 ವರ್ಷ
ವೃತ್ತಿ: ತೋಫು ತಯಾರಿಕೆ ಮತ್ತು ಮಾರಾಟ
ವಾಸ: ಸೇತುವೆಯ ಪಕ್ಕದ ತೋಫು ಅಂಗಡಿಯ ಹಿಂಭಾಗ, ಕೆಳಪೇಟೆ, ಉರುಶಿದಾ ಪಟ್ಟಣ, ಚಿಬಾ ಪ್ರಾಂತ್ಯ

ಉರುಶಿದಾ ಹೊರಠಾಣೆಯಲ್ಲಿ ಹವಾಲ್ದಾರ್ ಕಾಜಿತಾನಿಯವರ ಎದುರು ಕುಳಿತು, ಅವರು ಕೊಟ್ಟ ಚಹಾವನ್ನು ಮುಟ್ಟದೆ, ಈ ಮೂಲಕ ತಿಳಿಸುವುದೇನೆಂದರೆ:

ನಾನು ಮೇಲ್ಕಂಡ ವಿಳಾಸದಲ್ಲಿ ತೋಫು ಮಾಡಿಕೊಂಡು ಜೀವನ ನಡೆಸಿಕೊಂಡಿರುತ್ತೇನೆ. ನನ್ನ ಹೆಂಡತಿ ಚಿಜು ಕಳೆದ ವರ್ಷ ನವೆಂಬರ್ 13ರಂದು ತೀರಿಕೊಂಡಿರುತ್ತಾಳೆ. ನಾಳೆ ಆಕೆಯ ವರ್ಷದ ತಿಥಿ. ಆಕೆ ಮನೆಗಳಿಗೆ ವಿದ್ಯುತ್ ತಂತಿ ಎಳೆಯುವ ಕೆಲಸದವಳು. ತಂದೆಯಿಂದ ಕಲಿತವಳು, ಪರವಾನಗಿಯೂ ಆಕೆಯ ಹೆಸರಿನಲ್ಲೇ ಇತ್ತು. ಈ ಹೊರಠಾಣೆಯ ದೀಪಗಳಿಗೆ ತಂತಿ ಎಳೆದವಳೂ ಆಕೆಯೇ. ಹವಾಲ್ದಾರರು ತಲೆ ಎತ್ತಿ ದೀಪ ನೋಡಿ, ಇದನ್ನು ಬರೆಯುವ ಅಗತ್ಯವಿಲ್ಲ ಎಂದರು. ಇದೆ ಎಂದೆ. ಬರೆದುಕೊಂಡರು.

ನನ್ನ ದೂರು ಉಶಿಕುಬೊ ಶೋಹೆಯ್, ವಯಸ್ಸು 70, ಕಾರು ರಿಪೇರಿ ಅಂಗಡಿಯ ಮಾಲೀಕ, ಇವನ ಮೇಲೆ. ಸದರಿಯವನು ನನ್ನ ಬಾಲ್ಯದ ಗೆಳೆಯ. ಗೆಳೆಯ ಎಂಬ ಕಾರಣಕ್ಕೆ ದೂರು ಸಣ್ಣದಾಗುವುದಿಲ್ಲ, ದೊಡ್ಡದೇ ಆಗುತ್ತದೆ. ಸದರಿಯವನು ನನ್ನನ್ನು ಕೇಳದೆ ಚಿಜು ಕಟ್ಟಿದ ಬ್ಯಾಟರಿ ಪೆಟ್ಟಿಗೆಯ ತಂತಿಗಳನ್ನು ಕತ್ತರಿಸಿದ್ದಾನೆ. ಅದರಿಂದ ಆಕೆಯ ಮೀನು ಪತ್ತೆ ಯಂತ್ರವನ್ನು ಹಾಳು ಮಾಡಿದ್ದಾನೆ. ಮೇಲಾಗಿ ನಾಲ್ಕು ಜನರೆದುರು ಆಕೆಯನ್ನು ಮೂರ್ಖ ಎಂದಿದ್ದಾನೆ. ಈ ಮೂರನ್ನೂ ಪ್ರತ್ಯೇಕವಾಗಿ ದಾಖಲಿಸಬೇಕು.

ನಮ್ಮ ಉರುಶಿದಾ ಜಲಾಶಯದ ನೀರು ಊರಿಗೆ ಕುಡಿಯಲು ಹೋಗುತ್ತದೆ. ಆದ್ದರಿಂದ ಅಲ್ಲಿ ಪೆಟ್ರೋಲ್ ಎಂಜಿನ್‌ಗೆ ಅನುಮತಿ ಇಲ್ಲ. ಮೀನು ಹಿಡಿಯುವ ಹುಚ್ಚಿನವರೆಲ್ಲ ದೋಣಿಮನೆಯ ಮೊರೊಹಾಶಿ ಯೊಶಿನೊ ಅಮ್ಮನವರಿಂದ ದೋಣಿ ಬಾಡಿಗೆಗೆ ಪಡೆದು, ತಂತಮ್ಮ ಬ್ಯಾಟರಿ ಮೋಟಾರು ಕಟ್ಟಿಕೊಂಡು ಹೋಗುವುದು ರೂಢಿ. ಚಳಿಗಾಲದಲ್ಲಿ ಅಲ್ಲಿ ವಕಾಸಾಗಿ ಸಿಗುತ್ತದೆ. ಬೆರಳುದ್ದದ ಬೆಳ್ಳಿ ಮೀನು. ಅದು ಗುಂಪುಗುಂಪಾಗಿ ಓಡಾಡುವುದರಿಂದ ಯಂತ್ರ ಇಲ್ಲದೆ ಹಿಡಿಯುವುದು ಕತ್ತಲಲ್ಲಿ ಕರಿಬೆಕ್ಕು ಹುಡುಕಿದ ಹಾಗೆ.

ಚಿಜು ನಮ್ಮ ಅಂಗಡಿಯ ತೋಫು ಸಾಗಿಸುವ ಹಳೆಯ ಕ್ರೇಟಿನಲ್ಲಿ ಬ್ಯಾಟರಿ ಕೂರಿಸಿ, ಮೋಟಾರಿಗೊಂದು ಯಂತ್ರಕ್ಕೊಂದು ಸ್ವಿಚ್ ಇಟ್ಟು, ಫ್ಯೂಸ್ ಹಾಕಿ, ಮೇಲೆ ಹಲಗೆಯ ಮುಚ್ಚಳ ಮಾಡಿದ್ದಳು. ತಂತಿ ಮಾತ್ರ ಮನೆ ಕೆಲಸದಲ್ಲಿ ಉಳಿದದ್ದು. ಒಂದು ಕಪ್ಪು, ಒಂದು ಬಿಳಿ. ನಮ್ಮ ದೇಶದ ಯಾವ ಮನೆಯ ಗೋಡೆ ಬಿಚ್ಚಿದರೂ ಕಪ್ಪು ತಂತಿಯಲ್ಲಿ ಕರೆಂಟು ಬರುತ್ತದೆ, ಬಿಳಿ ತಂತಿಯಲ್ಲಿ ವಾಪಸಾಗುತ್ತದೆ. ಮೂವತ್ತು ವರ್ಷ ಹಾಗೇ ಕಟ್ಟಿದ ಕೈ ಪೆಟ್ಟಿಗೆಯಲ್ಲೂ ಹಾಗೇ ಕಟ್ಟಿತು. ಕಪ್ಪು ಪ್ಲಸ್‌ಗೆ, ಬಿಳಿ ಮೈನಸ್‌ಗೆ. ಕಾರಿನವರ ಪದ್ಧತಿಯೇ ಬೇರೆ. ಅವರಿಗೆ ಕೆಂಪು ಪ್ಲಸ್, ಕಪ್ಪು ಮೈನಸ್. ಇದು ನನಗೆ ಗೊತ್ತು. ಚಿಜು ನನಗೆ "ಕಪ್ಪು ಕಚ್ಚುತ್ತೆ, ಬಿಳಿ ಸುಮ್ನಿರುತ್ತೆ, ಅಷ್ಟು ನೆನಪಿಟ್ಕೋ ಸಾಕು" ಎಂದು ಹೇಳಿಕೊಟ್ಟಿದ್ದಳು. ಯಾರಾದರೂ ಕೇಳಿದ್ದರೆ ಹೇಳುತ್ತಿದ್ದೆ.

ಫ್ಯೂಸಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಯಂತ್ರದ ತಂತಿಗೆ ಆಕೆ ತೀರಾ ಸಣ್ಣ ಗಾಜಿನ ಫ್ಯೂಸ್ ಹಾಕಿದ್ದಳು. ಶೋಹೆಯ್ ಅದನ್ನು ನೋಡಿದಾಗಲೆಲ್ಲ ಆಡಿಕೊಳ್ಳುತ್ತಿದ್ದ. ಸೊಳ್ಳೆ ಕೂತರೂ ಹಾರಿಹೋಗುತ್ತೆ ಇದು ಎಂದರೆ, ಹಾರಲಿ ಅಂತಲೇ ಹಾಕಿರೋದು ಎಂದು ಆಕೆ ಉತ್ತರ ಕೊಡುತ್ತಿದ್ದಳು.

ಯಂತ್ರದ ಬೆಲೆಯ ಬಗ್ಗೆ ನನ್ನ ದೂರಲ್ಲ. ಅಂಥದ್ದು ಅಂಗಡಿಯಲ್ಲಿ ಸಿಗುತ್ತದೆ. ಅದರೊಳಗೆ ಚಿಜು ಹಾಕಿದ ಗುರುತುಗಳಿವೆ. ಮೀನು ಸಿಕ್ಕ ಕಡೆಯೆಲ್ಲ ಆಕೆ ಗುಂಡಿ ಒತ್ತಿ, ಆ ಜಾಗಕ್ಕೊಂದು ಹೆಸರು ಬರೆದಿಡುತ್ತಿದ್ದಳು. ಬೆಕ್ಕಿನ ಕಲ್ಲು. ಬೆನ್ನಿಗೆ ಬಿಸಿಲು. ತೋಕು ನಿದ್ದೆ ಹೋದದ್ದು. ಒಂಬತ್ತು ವರ್ಷದ ಹಿಂದೆ ಮೂತ್ರಕ್ಕೆಂದು ದೋಣಿಯಲ್ಲಿ ಎದ್ದು ನಿಂತು ನೀರಿಗೆ ಬಿದ್ದವನ ನೆನಪಿಗೆ 'ಶೋಹೆಯ್ ಬಿದ್ದದ್ದು' ಎಂಬ ಗುರುತೂ ಇದೆ. ಆಕೆಯ ಕೈಬರಹ ನನ್ನ ಹತ್ತಿರ ಹೆಚ್ಚೇನಿಲ್ಲ. ಮಾತೆಂದು ಉಳಿದಿರುವುದು ಅದರೊಳಗೇ. ಅದರ ನಕಲು ಎಲ್ಲೂ ಇಲ್ಲ.

ನಾಳೆಯ ತಿಥಿಗೆ 'ಬೆನ್ನಿಗೆ ಬಿಸಿಲು' ಎಂಬ ಜಾಗದ ವಕಾಸಾಗಿಯನ್ನೇ ಹುರಿದು ಆಕೆಯ ಚಿತ್ರದ ಮುಂದೆ ಇಡಬೇಕೆಂಬುದು ನನ್ನ ಆಸೆ. ಆ ದಿನ ಮೀನು ಸಲ್ಲದು ಎಂದು ದೇವಾಲಯದ ಗುರುಗಳು ಹೇಳುತ್ತಾರೆ. ಅವರಿಗೆ ತಿಳಿಯದಂತೆ ನೋಡಿಕೊಳ್ಳುವ ಹೊಣೆ ನನ್ನದು. ಹವಾಲ್ದಾರರೂ ಬಾಯಿ ಬಿಡಬಾರದು.

ಆಕೆ ಹೋದ ಮೇಲೆ ನಾನು ಕೆರೆಗೆ ಹೋಗಿರಲಿಲ್ಲ. ಪೆಟ್ಟಿಗೆ ದೋಣಿಮನೆಯ ಷೆಡ್ಡಿನಲ್ಲೇ ಇತ್ತು. ಈ ಭಾನುವಾರ ಬರುವುದಾಗಿ ಯೊಶಿನೊ ಅಮ್ಮನವರಿಗೆ ಫೋನ್ ಮಾಡಿ ಹೇಳಿದೆ. ಅವರು ಅದನ್ನು ಶೋಹೆಯ್‌ಗೆ ಹೇಳಿದರು. ಒಳ್ಳೆಯದಾಗಲಿ ಎಂದೇ ಹೇಳಿದರಂತೆ. ಈ ಒಂದು ವರ್ಷದಿಂದ ಎಲ್ಲರೂ ನನಗೆ ಒಳ್ಳೆಯದನ್ನೇ ಮಾಡುತ್ತಿದ್ದಾರೆ. ನಾದಿನಿ ಬಂದು ಚಿಜುವಿನ ಬಟ್ಟೆ, ಬೂಟು ಎಲ್ಲವನ್ನೂ ಕಟ್ಟಿ ಯಾರಿಗೋ ಕೊಟ್ಟಳು. ಪಕ್ಕದ ಮನೆಯವರು ಆಕೆಯ ಸಲಕರಣೆಗಳ ಬೀರು ಖಾಲಿ ಮಾಡಿ ತೊಳೆದರು. ಪಾಪ, ತೋಕುಜಿಸಾನ್‌ಗೆ ಇದನ್ನೆಲ್ಲ ನೋಡಿದರೆ ಸಂಕಟವಾಗುತ್ತದೆ ಎಂದರು. ಒಬ್ಬರೂ ನನ್ನನ್ನು ಕೇಳಲಿಲ್ಲ. ಸಂಕಟವಾಗಲಿ ಬಿಡಿ, ಅದು ನನ್ನ ಸಂಕಟ. ಹವಾಲ್ದಾರರು ಇದು ಘಟನೆಗೆ ಸಂಬಂಧಿಸಿದ್ದೇ ಎಂದು ಕೇಳಿದರು. ಇದೇ ಘಟನೆ ಎಂದು ಹೇಳಿದೆ.

ನಿನ್ನೆ ಶನಿವಾರ ಸಂಜೆ ಸುಮಾರು 5 ಗಂಟೆ ಸಮಯದಲ್ಲಿ ಶೋಹೆಯ್ ಷೆಡ್ಡಿಗೆ ಹೋಗಿ ಪೆಟ್ಟಿಗೆ ಬಿಚ್ಚಿದ್ದಾನೆ. ವರ್ಷವಿಡೀ ಚಾರ್ಜ್ ಮಾಡದ ಬ್ಯಾಟರಿ ಸತ್ತಿತ್ತು. ಅದನ್ನು ತೆಗೆದು ತನ್ನ ಅಂಗಡಿಯಿಂದ ಹೊಸ ಲಿಥಿಯಂ ಬ್ಯಾಟರಿ ತಂದು ಕೂರಿಸಿದ್ದಾನೆ. ಅದರ ಬೋಲ್ಟು ದಪ್ಪ. ಚಿಜು ತಂತಿಯ ತುದಿಗೆ ಒತ್ತಿ ಕೂರಿಸಿದ್ದ ತಾಮ್ರದ ಉಂಗುರಗಳು ಅದಕ್ಕೆ ಹಿಡಿಯಲಿಲ್ಲ. ಸದರಿಯವನು ಅವನ್ನು ಕತ್ತರಿಸಿ, ಹೊಸ ಉಂಗುರ ಒತ್ತಿ, ಕಪ್ಪು ತಂತಿಯನ್ನು ಮೈನಸ್‌ಗೂ ಬಿಳಿಯನ್ನು ಪ್ಲಸ್‌ಗೂ ಬಿಗಿದಿದ್ದಾನೆ. ಹಳೆಯದು ಹೇಗೆ ಕಟ್ಟಿತ್ತು ಎಂದು ನೋಡಲೂ ಇಲ್ಲ. ಕತ್ತರಿಸಿದ ಎರಡು ಉಂಗುರಗಳು ಇಂದು ಷೆಡ್ಡಿನ ಕಸದ ಡಬ್ಬದಲ್ಲಿ ಸಿಕ್ಕಿವೆ. ತೋಫು ಚೀಲದಲ್ಲಿ ಹಾಕಿ ಹಾಜರುಪಡಿಸಿರುತ್ತೇನೆ. ಕೆಲಸ ಮುಗಿದ ಮೇಲೆ ವಾಪಸು ಕೊಡತಕ್ಕದ್ದು.

ಈ ದಿನ ಬೆಳಿಗ್ಗೆ 6-10ಕ್ಕೆ ನಾನು ದೋಣಿಕಟ್ಟೆಗೆ ಬಂದಾಗ ಪೆಟ್ಟಿಗೆ ಆಗಲೇ ದೋಣಿಯಲ್ಲಿತ್ತು. ಶೋಹೆಯ್ ಮುಂದಿನ ಹಲಗೆಯ ಮೇಲೆ ಫ್ಲಾಸ್ಕ್ ಹಿಡಿದು ಕೂತು, ಬಹುಮಾನ ಗೆದ್ದ ಹುಡುಗನಂತೆ ಹಲ್ಲು ಕಿರಿಯುತ್ತಿದ್ದ. ಏನು ನಗು ಎಂದು ಕೇಳಿದೆ. ಕೂತ್ಕೋ, ಗೊತ್ತಾಗುತ್ತೆ ಎಂದ. ನಾನು ಹಿಂದೆ ಮೋಟಾರಿನ ಹತ್ತಿರ ಕುಳಿತೆ. ಆ ಜಾಗ ಚಿಜುವಿನದು. ಅಲ್ಲಿ ನಾನು ಕೂತದ್ದು ಅದೇ ಮೊದಲು.

ಕಟ್ಟೆಯ ಮೇಲೆ ಆಗ ಯೊಶಿನೊ ಅಮ್ಮನವರೂ, ದೋಣಿಗಾಗಿ ಕಾಯುತ್ತಿದ್ದ ಹೊರಊರಿನ ಮೂವರೂ ಇದ್ದರು. ಹಗ್ಗ ಬಿಚ್ಚಿ, ಮೋಟಾರಿನ ಹಿಡಿಯನ್ನು ಮುಂದಕ್ಕೆ ತಿರುಗಿಸಿದೆ. ದೋಣಿ ಹಿಂದಕ್ಕೆ ಹಾರಿತು. ಹಿಂಭಾಗ ಕಟ್ಟೆಗೆ ಬಡಿದು, ಫ್ಲಾಸ್ಕ್ ಉರುಳಿ ಚಹಾ ಚೆಲ್ಲಿತು. ಹೊರಊರಿನವರಲ್ಲಿ ಒಬ್ಬರು, ಮೇಷ್ಟ್ರು ಹಿಂದಕ್ಕೆ ಈಜೋ ಮೀನು ಹಿಡಿಯೋಕೆ ಹೊರಟಿದ್ದಾರೆ ಎಂದು ನಕ್ಕರು. ನಾನು ಮೇಷ್ಟ್ರಲ್ಲ. ಅದಿರಲಿ.

ಮೋಟಾರು ತಿರುಗುಮುರುಗಾಗಿ ಓಡಿದರೆ ತಂತಿ ಅದಲುಬದಲಾಗಿದೆ ಎಂದೇ ಅರ್ಥ. ಯಂತ್ರದ ಸ್ವಿಚ್ ಮುಟ್ಟಬೇಡ ಎಂದು ಕೂಗಿದೆ. ಕೂಗುವಷ್ಟರಲ್ಲಿ ಶೋಹೆಯ್ ಒತ್ತಿ ಆಗಿತ್ತು. ಪೆಟ್ಟಿಗೆಯೊಳಗೆ ಟಪ್ ಎಂದು ಸದ್ದಾಯಿತು. ಯಂತ್ರದ ಪರದೆ ಬೆಳಗಲಿಲ್ಲ. ಮತ್ತೆ ಒತ್ತಿದ. ಬೆಳಗಲಿಲ್ಲ. ನಾನು ಮುಚ್ಚಳ ತೆಗೆದು ನೋಡಿದೆ. ಹೊಸ ಬ್ಯಾಟರಿ, ಹೊಸ ಉಂಗುರ, ಮೈನಸ್‌ಗೆ ಕಪ್ಪು.

ಇಲ್ಲಿಂದ ಮುಂದಿನ ಮಾತನ್ನು ಆಡಿದಂತೆಯೇ ಬರೆದುಕೊಳ್ಳಬೇಕೆಂದು ಕೇಳಿಕೊಂಡೆ. ಹವಾಲ್ದಾರರು ಒಪ್ಪಿದರು.

"ಇದನ್ನ ಯಾರು ಮಾಡಿದ್ದು?" ಎಂದೆ.

"ನಾನೇ. ನಿನ್ನೆ. ನಿಂಗೆ ಹೇಳ್ದೆ ಮಾಡೋಣ ಅಂತ."

"ಯಾಕೆ ಕೇಳ್ಲಿಲ್ಲ?"

"ಬ್ಯಾಟರಿ ಹಾಕೋಕೆ ತೋಫು ಮಾಡೋನ್ನ ಕೇಳ್ಬೇಕಾ? ಇಡೀ ಜೀವಮಾನ ಗಾಡಿ ರಿಪೇರಿ ಮಾಡಿದೀನೋ. ಕಪ್ಪು ಮೈನಸ್‌ಗೆ ಹೋಗದೆ ಇನ್ನೆಲ್ಲಿಗೆ ಹೋಗುತ್ತೆ, ತೀರ್ಥಯಾತ್ರೆಗಾ?"

"ಈ ಪೆಟ್ಟಿಗೇಲಿ ಕಪ್ಪು ಪ್ಲಸ್‌ಗೆ ಹೋಗುತ್ತೆ."

"ಪ್ಲಸ್‌ಗಾ? ಯಾವ ಮೂರ್ಖನೋ ಅದು ಕಪ್ಪನ್ನ ಪ್ಲಸ್‌ಗೆ ಕಟ್ಟೋನು?"

ಆಗ ಶೋಹೆಯ್ ಎದ್ದು ನಿಂತು ಒಂದು ಕೈಯಿಂದ ಕಟ್ಟೆಯ ಕಂಬ ಹಿಡಿದಿದ್ದ. ನಾನೂ ಎದ್ದೆ. ನನ್ನ ಬಲಗೈಯನ್ನು ಅವನ ಎದೆಯ ಮೇಲಿಟ್ಟು ತಳ್ಳಿದೆ. ಅವನು ನೀರಿಗೆ ಬಿದ್ದ. ಅಲ್ಲಿ ನೀರು ಎದೆಮಟ್ಟ. ತೇಲುವ ಅಂಗಿ ತೊಟ್ಟಿದ್ದರಿಂದ ಮುಳುಗಲಿಲ್ಲ. ಕಿತ್ತಳೆ ಹಣ್ಣಿನಂತೆ ತೇಲಿದ, ಕನ್ನಡಕ ಮಾತ್ರ ಮುಳುಗಿತು. ಯೊಶಿನೊ ಅಮ್ಮನವರು ಕೊಕ್ಕೆ ಕೋಲು ಹಾಕಿ ಎಳೆದುಕೊಂಡು, ಇಬ್ಬರಿಗೂ ನಾಚಿಕೆ ಆಗಬೇಕು, ಮೊಮ್ಮಕ್ಕಳಿರುವ ವಯಸ್ಸು ಎಂದು ಬೈದರು. ನನಗೆ ಮೊಮ್ಮಕ್ಕಳಿಲ್ಲ. ಹೊರಊರಿನವರು ಯಾರೋ ಠಾಣೆಗೆ ಫೋನ್ ಮಾಡಿದರು. ಮಾಡದಿದ್ದರೆ ನಾನೇ ಮಾಡುತ್ತಿದ್ದೆ.

ದೋಣಿಕಟ್ಟೆಯಿಂದ ಈ ಹೊರಠಾಣೆ ಸುಮಾರು 900 ಮೀಟರ್. ಶೋಹೆಯ್ ಕಂಬಳಿ ಹೊದ್ದು ಮುಂದೆ, ನಾನು ಪೆಟ್ಟಿಗೆ ಮತ್ತು ಯಂತ್ರ ಹೊತ್ತು ಹಿಂದೆ, ನಡುವೆ ಹವಾಲ್ದಾರರು. ದಾರಿಯಲ್ಲಿ ಶೋಹೆಯ್ ಎರಡು ಬಾರಿ ತಿರುಗಿ, ಭಾರವಿದೆ, ಒಂದು ಕಡೆ ನಾನು ಹಿಡಿಯಲೇ ಎಂದು ಕೇಳಿದ. ಬೇಡ ಎಂದೆ.

ಠಾಣೆಗೆ ಬಂದ ಮೇಲೆ ನನಗಿಂತ ಮೊದಲು ಅವನ ಹೇಳಿಕೆ ತೆಗೆದುಕೊಂಡಿರುತ್ತಾರೆ. ಅದರಲ್ಲಿ ಅವನು, ದೋಣಿಯ ಹಲಗೆ ಇಬ್ಬನಿಗೆ ಒದ್ದೆಯಾಗಿತ್ತು, ಕಾಲು ಜಾರಿ ತಾನೇ ಬಿದ್ದೆ, ತೋಕುಜಿ ಹಿಡಿದುಕೊಳ್ಳಲು ಕೈ ಚಾಚಿದ ಎಂದು ಹೇಳಿದ್ದಾನಂತೆ. ಇದು ಶುದ್ಧ ಸುಳ್ಳು. ನನ್ನ ಕೈ ಹಿಡಿಯಲು ಹೋದದ್ದಲ್ಲ. ಅಕಸ್ಮಾತ್ತಾಗಿ ತಗುಲಿರಬಹುದೇ ಎಂದು ಹವಾಲ್ದಾರರು ನನ್ನನ್ನು ಕೇಳಿದರು. ಇಲ್ಲ ಎಂದೆ. ಕೋಪದ ಭರದಲ್ಲಿ ಅರಿವಿಲ್ಲದೆ ಆಗಿರಬಹುದೇ ಎಂದು ಮತ್ತೆ ಕೇಳಿದರು. ಅರಿವಿಟ್ಟುಕೊಂಡೇ ತಳ್ಳಿದೆ. ಚಿಜುವನ್ನು ಮೂರ್ಖ ಎಂದವನನ್ನು ನಾನು ತಳ್ಳಿಲ್ಲ ಎಂದು ಸರ್ಕಾರದ ಕಾಗದದಲ್ಲಿ ಉಳಿಯುವುದು ನನಗೆ ಬೇಕಾಗಿಲ್ಲ. ಇವನು ಇಲ್ಲಿಯೂ ನನ್ನನ್ನು ಕೇಳದೆ ನನಗೆ ಒಳ್ಳೆಯದು ಮಾಡಲು ಹೊರಟಿದ್ದಾನೆ. ಇದನ್ನು ನಾಲ್ಕನೆಯ ದೂರಾಗಿ ಸೇರಿಸಿಕೊಳ್ಳಬೇಕು.

ನಾನು ಇಷ್ಟನ್ನು ಬರೆಸುತ್ತಿದ್ದಾಗ ಸುಮಾರು 8 ಗಂಟೆಗೆ, ಹವಾಲ್ದಾರರ ವ್ಯಾಯಾಮದ ಉಡುಪು ತೊಟ್ಟು ಮೂಲೆಯಲ್ಲಿ ಕೂತಿದ್ದ ಶೋಹೆಯ್ ಪೆಟ್ಟಿಗೆಯ ಮುಚ್ಚಳ ತೆಗೆದ. ನಾನು ಆಕ್ಷೇಪಿಸಿದೆ. ಸಾಕ್ಷ್ಯದ ವಸ್ತು, ಮುಟ್ಟಬಾರದು ಎಂದು ಹವಾಲ್ದಾರರೂ ಹೇಳಿದರು. ಕಣ್ಣಲ್ಲಿ ನೋಡ್ತಿದೀನಿ ಅಷ್ಟೇ ಎಂದು, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮೂಗು ತಾಗುವಷ್ಟು ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ನಡೆದ ಮಾತು ಹೀಗಿದೆ.

"ತೋಕು. ಫ್ಯೂಸ್ ಹೋಗಿದೆ."

"ಹೋಗದೆ ಇರುತ್ತಾ? ನೀನು ಕೈ ಹಾಕಿದ್ಮೇಲೆ!"

"ಅಲ್ಲ ಕಣೋ, ಕೇಳು. ಗಾಜು ಕಪ್ಪಾಗಿದೆ. ಒಂದೇ ಏಟಿಗೆ ಹೋಗಿದೆ. ಅದು ಸತ್ತಿದೆ ಅಂದ್ರೆ ಯಂತ್ರ ಬದುಕಿರಬಹುದು."

ನಾನು ಎದ್ದು ಪೆಟ್ಟಿಗೆಯ ಹತ್ತಿರ ಹೋದೆ.

"ಸೊಳ್ಳೆ ಕೂತ್ರೂ ಹಾರುತ್ತೆ ಅಂತಿದ್ದೆ ನಾನು. ನನ್ನ ಅಂದಾಜಿನ ಫ್ಯೂಸ್ ಹಾಕಿದ್ರೆ ಇಷ್ಟೊತ್ತಿಗೆ ಯಂತ್ರ ಬೂದಿ ಆಗಿರೋದು," ಎಂದು ಅವನೇ ಹೇಳಿಕೊಂಡ. ಆಮೇಲೆ ಹವಾಲ್ದಾರರನ್ನು, ಈ ಊರಲ್ಲಿ ಭಾನುವಾರ ಇಂಥ ಸಣ್ಣ ಫ್ಯೂಸ್ ಎಲ್ಲಿ ಸಿಗುತ್ತದೆ ಎಂದು ಕೇಳಿದ.

ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ. "ಮುಚ್ಚಳದ ಒಳಗಡೆ, ಎಡಕ್ಕೆ," ಎಂದೆ.

ಅಲ್ಲಿ ಚಿಜು ಬಿಳಿ ಟೇಪು ಹಾಕಿ ಅಂಟಿಸಿದ್ದ ಎರಡು ಫ್ಯೂಸ್‌ಗಳಿದ್ದವು. ಹವಾಲ್ದಾರರು ಅನುಮತಿ ಕೊಟ್ಟರು. ಶೋಹೆಯ್ ಟೇಪನ್ನು ಹರಿಯದೆ ಉಗುರಿನಿಂದ ನಿಧಾನವಾಗಿ ಬಿಡಿಸಿದ. ಸುಟ್ಟದ್ದನ್ನು ತೆಗೆದು ಹೊಸದನ್ನು ಕೂರಿಸಿದ. ಬೋಲ್ಟುಗಳನ್ನು ಸಡಿಲಿಸಿ ಎರಡೂ ತಂತಿಗಳನ್ನು ಬಿಚ್ಚಿ ಕೈಯಲ್ಲಿ ಹಿಡಿದ. ಒಂದು ಕೈಯಲ್ಲಿ ಕಪ್ಪು, ಒಂದು ಕೈಯಲ್ಲಿ ಬಿಳಿ. ಬಿಗಿಯಲಿಲ್ಲ. ಅವನಿಗೆ ಆಗಲೇ ಗೊತ್ತು, ದೋಣಿಯಲ್ಲೇ ಹೇಳಿದ್ದೆ.

ಆದರೂ ನನ್ನ ಕಡೆ ತಿರುಗಿ, "ತೋಕು, ಕಪ್ಪು ಎಲ್ಲಿಗೆ?" ಎಂದು ಕೇಳಿದ.

ಒಂದು ವರ್ಷದಲ್ಲಿ ಚಿಜುವಿನ ವಸ್ತುವೊಂದನ್ನು ಕೈಯಲ್ಲಿ ಹಿಡಿದು ನನ್ನನ್ನು ಕೇಳಿದ ಮೊದಲ ಮನುಷ್ಯ ಅವನು. ಹವಾಲ್ದಾರರು ಪೆನ್ನು ಕೆಳಗಿಟ್ಟು ಕಿಟಕಿಯ ಆಚೆ ನೋಡುತ್ತಾ ಕುಳಿತರು. "ಪ್ಲಸ್‌ಗೆ. ಕಪ್ಪು ಕಚ್ಚುತ್ತೆ, ಬಿಳಿ ಸುಮ್ನಿರುತ್ತೆ," ಎಂದೆ. ಅವನು ಅದನ್ನು ಇನ್ನೊಮ್ಮೆ ತನ್ನ ಬಾಯಲ್ಲಿ ಹೇಳಿಕೊಂಡು ಬಿಗಿದ.

ಸ್ವಿಚ್ ನಾನು ಒತ್ತಿದೆ. ಪರದೆ ಬೆಳಗಿತು. ನೀರಿಲ್ಲದ್ದರಿಂದ ಆಳದ ಜಾಗದಲ್ಲಿ ಬರೀ ಗೆರೆ ಬಂತು. ಆಮೇಲೆ ಕೆರೆಯ ಆಕಾರ ಮೂಡಿ, ಅದರ ಮೇಲೆ ಒಂದೊಂದಾಗಿ ಗುರುತುಗಳು ಬಂದವು. ಬೆಕ್ಕಿನ ಕಲ್ಲು. ತೋಕು ನಿದ್ದೆ ಹೋದದ್ದು. ಬೆನ್ನಿಗೆ ಬಿಸಿಲು. ಎಲ್ಲವೂ ಇದ್ದವು. ನಾನು ಎಲ್ಲವನ್ನೂ ಓದಿದೆ. ಶೋಹೆಯ್ ಕನ್ನಡಕ ಕೆರೆಯಲ್ಲಿ ಕಳೆದುಕೊಂಡಿದ್ದರಿಂದ ಅವನಿಗಾಗಿ ಗಟ್ಟಿಯಾಗಿ ಓದಿದೆ.

'ಶೋಹೆಯ್ ಬಿದ್ದದ್ದು' ಬಂದಾಗ ಅವನು, "ಕಟ್ಟೆಯ ಹತ್ರ ಇನ್ನೊಂದು ಹಾಕ್ಬೇಕಲ್ಲೋ," ಎಂದ.

"ಹಾಕೋಣ. ಆದ್ರೆ ಬಿದ್ದದ್ದು ಅಂತ ಬರೆಯೋಕೆ ಬಿಡಲ್ಲ. ತಳ್ಳಿದ್ದು ಅಂತ ಬರೀಬೇಕು."

"ತಳ್ಳಿದ್ದು ಅಂತಲೇ ಬರಿ ಮಾರಾಯ," ಎಂದು ಅವನು ಪೆಟ್ಟಿಗೆಯ ಕಡೆ ತಿರುಗಿ, ವ್ಯಾಯಾಮದ ಉಡುಪಿನಲ್ಲೇ ಸೊಂಟ ಬಗ್ಗಿಸಿ, "ಚಿಜುಸಾನ್, ಕೇಳದೆ ಮುಟ್ಟಿದೆ. ಮೂರ್ಖ ನಾನು, ತಪ್ಪಾಯ್ತು," ಎಂದ. ತೋಫು ಕ್ರೇಟಿಗೆ ಅಷ್ಟು ಬಗ್ಗಿ ನಮಸ್ಕರಿಸಿದ್ದನ್ನು ನಾನು ಹಿಂದೆ ಕಂಡಿಲ್ಲ.

ಆದ ಕಾರಣ ನನ್ನ ದೂರಿನಲ್ಲಿ ಈ ಕೆಳಗಿನಂತೆ ಬದಲಾವಣೆ ಮಾಡಿಕೊಳ್ಳತಕ್ಕದ್ದು. ಯಂತ್ರ ಹಾಳಾಗಿದೆ ಎಂಬುದನ್ನು ಹೊಡೆದುಹಾಕಬಹುದು. ಮೂರ್ಖ ಎಂಬ ಮಾತು ಹೇಳಿದವನಿಗೇ ವಾಪಸಾಗಿರುವುದರಿಂದ ಅದನ್ನೂ ಬಿಡಬಹುದು. ತಾಮ್ರದ ಉಂಗುರ ಕತ್ತರಿಸಿದ್ದನ್ನು ಬಿಡುವುದಿಲ್ಲ, ಅದು ಹಾಗೇ ಇರಲಿ. ನಾನು ತಳ್ಳಿದ್ದೂ ಹಾಗೇ ಇರಲಿ. ಜಾರಿ ಬಿದ್ದೆ ಎಂಬ ಶೋಹೆಯ್‌ನ ಹೇಳಿಕೆಯನ್ನು ಹರಿದುಹಾಕಿ, ಅವನಿಂದ ನಿಜವಾದ ಹೇಳಿಕೆ ಬರೆಸಿಕೊಳ್ಳಬೇಕು. ಬರೆಸಲು ಅವನೂ ಈಗ ಒಪ್ಪಿದ್ದಾನೆ, ಆದರೆ ಇನ್ನೊಂದು ದಿನ. ಏಕೆಂದರೆ ವಕಾಸಾಗಿ ಹತ್ತು ಗಂಟೆಯ ಮೇಲೆ ಕಚ್ಚುವುದು ಕಡಿಮೆ. ಈಗ 8-35 ಆಗಿದೆ. ಮೇಲ್ಕಂಡ ದೂರುದಾರ ಮತ್ತು ಮೇಲ್ಕಂಡ ಆರೋಪಿ, ಇಬ್ಬರನ್ನೂ ತಕ್ಷಣ ಕೆರೆಗೆ ಹೋಗಲು ಬಿಡಬೇಕೆಂದು ಕೋರುತ್ತೇನೆ. ಸದರಿ ಆರೋಪಿ ಮುಂದಿನ ಹಲಗೆಯಲ್ಲೇ ಕೂರತಕ್ಕದ್ದು. ಹಿಂದಿನ ಜಾಗದಲ್ಲಿ ನಾನು ಕೂರುತ್ತೇನೆ.

ಹವಾಲ್ದಾರರು ಓದುತ್ತಾ ಹೋದಂತೆ ಪ್ರತಿ ಸಾಲನ್ನೂ ಕೇಳಿಸಿಕೊಂಡಿದ್ದೇನೆ. ಇದರಲ್ಲಿ ನಾನು ಆಡದ ಮಾತಿಲ್ಲ, ನಡೆಯದ ಸಂಗತಿಯಿಲ್ಲ. ಸಹಿಯ ಬದಲು ಒತ್ತುವ ನನ್ನ ಹೆಸರಿನ ಮೊಹರು ಅಂಗಡಿಯಲ್ಲೇ ಉಳಿದಿರುವುದರಿಂದ ಹೆಬ್ಬೆಟ್ಟು ಒತ್ತಲು ಹೇಳಿದರು. ದಿನವಿಡೀ ತೋಫುವಿನ ನೀರಿನಲ್ಲಿರುವ ನನ್ನ ಬೆರಳಿನಲ್ಲಿ ಗೆರೆ ಸವೆದಿದ್ದು ಸರಿಯಾಗಿ ಮೂಡಲಿಲ್ಲ, ಸಹಿ ಸಾಕೆಂದರು. ಚಹಾ ಆರಿಹೋಗಿತ್ತು. ಬದಲಿಸಿ ಕೊಡಲೇ ಎಂದು ಕೇಳಿದರು. ಕೇಳಿದ್ದಕ್ಕೆ ಅದನ್ನೇ ಕುಡಿದೆ.

ಸ್ಥಳ: ಉರುಶಿದಾ ಹೊರಠಾಣೆ, ಚಿಜು ತಂತಿ ಎಳೆದ ದೀಪದ ಕೆಳಗೆ
ದಿನಾಂಕ: ರೇಯ್ವಾ 5ನೇ ವರ್ಷ (2023), ನವೆಂಬರ್ 12

(ಸಹಿ) ಹಿರುಮಾ ತೋಕುಜಿ